ಬೀರುವಿನ ಕೆಳಗೆ ಚಕ್ರವರ್ತಿ

ಪರದೇಶದಲ್ಲಿದ್ದುಕೊಂಡು ಮನೆಯ ಹಬ್ಬ ಮಾಡುವುದು ಎಷ್ಟು ಕಷ್ಟ ಎಂಬುದು ನನಗೆ ರಾಮನಗರದಲ್ಲಿ, ನನ್ನದೇ ಹಜಾರದಲ್ಲಿ, ನನ್ನದೇ ಆರಾಮಕುರ್ಚಿಯಲ್ಲಿ ಒರಗಿದ್ದಾಗ ತಿಳಿಯಿತು. ನಾನು ಸಮುದ್ರ ದಾಟಿದವನಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿ ಕೂತವನು ಅಲ್ಲೇ ತಲೆ ನೆರೆಸಿಕೊಂಡು, ಅಲ್ಲೇ ಹಾರ ಹಾಕಿಸಿಕೊಂಡು, ಒಂದು ಗೋಡೆ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದು ಬಂದೆ. ನನ್ನ ಪಾಲಿಗೆ ವಿದೇಶ ಎಂದರೆ ಮಾಗಡಿ. ನಗಬೇಡಿ. ಮಾಗಡಿ ನನ್ನ ಮಾವನವರ ಊರು. ಮದುವೆಯಾದ ವರ್ಷ ಯುಗಾದಿಗೆ ಕರೆದರೆಂದು ಬಸ್ಸು ಹತ್ತಿ ಹೋದೆ. ಬೆಟ್ಟ ಬಳಸಿ, ತೆಂಗಿನ ತೋಟಗಳನ್ನು ಬಳಸಿ, ಹಳ್ಳಿಹಳ್ಳಿಗೂ ನಿಂತು ಮುಟ್ಟುವಷ್ಟರಲ್ಲಿ ನಾನು ಅರ್ಧ ಪರದೇಶಿಯಾಗಿದ್ದೆ. ಉಳಿದರ್ಧ ಊಟದ ಎಲೆಯ ಮುಂದೆ ಆಯಿತು. ನಮ್ಮ ಮನೆಯಲ್ಲಿ ಒಬ್ಬಟ್ಟಿಗೆ ತುಪ್ಪ. ಅಲ್ಲಿ ಕಾಯಿಹಾಲು ಸುರಿದರು. ನಮ್ಮಲ್ಲಿ ಬೇವುಬೆಲ್ಲ ಸ್ನಾನವಾದೊಡನೆ. ಅಲ್ಲಿ ಊಟಕ್ಕೆ ಕೂತ ಮೇಲೆ. ಅಷ್ಟೇ ವ್ಯತ್ಯಾಸ. ಆದರೂ ಊಟವಾದ ಮೇಲೆ ಕಂಬಕ್ಕೊರಗಿ ಕೂತವನಿಗೆ, ಅಮ್ಮ ಈಗ ಏನು ಮಾಡುತ್ತಿರಬಹುದು ಅನ್ನಿಸಿ ಕಣ್ಣು ತೇವವಾಯಿತು. ಮಾವನವರು ದೊಡ್ಡ ಮನುಷ್ಯರು. ಅಡುಗೆಮನೆ ಹೊಗೆ ಅಳಿಯಂದಿರ ಕಣ್ಣಿಗೆ ಹೋಗುತ್ತಿದೆ ಎಂದು ಕಿಟಕಿ ತೆರೆಸಿದರು.

ಈ ಒಂದು ಅನುಭವವನ್ನು ಬಂಡವಾಳ ಮಾಡಿಕೊಂಡು, ದೂರದಲ್ಲಿದ್ದವರ ಸಂಕಟವೆಲ್ಲ ನನಗೆ ಅರ್ಥವಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ನಮ್ಮ ಮಹಡಿಗೆ ಜಪಾನಿನವರು ಬಾಡಿಗೆಗೆ ಬಂದರು.

ತಕೇಶಿ ಎಂಬಾತ ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಅವನ ಜೊತೆಯವರೆಲ್ಲ ಬೆಂಗಳೂರಿನ ಎತ್ತರೆತ್ತರದ ಕಟ್ಟಡಗಳಲ್ಲಿ ಇದ್ದರೆ, ಇವನು ಮಾತ್ರ ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ರಾಮನಗರಕ್ಕೆ ಬಂದ. ಮನೆ ನೋಡಲು ಬಂದವನು ತಾರಸಿಗೆ ಹೋಗಿ ಎದುರಿನ ಬೆಟ್ಟವನ್ನೇ ನೋಡುತ್ತ ನಿಂತ. ಬಿಸಿಲಿಗೆ ಕಾದ ಹೆಬ್ಬಂಡೆಗಳು ಸಂಜೆಗೆ ಕಂದುಬಣ್ಣಕ್ಕೆ ತಿರುಗುವ ತನಕ ಕದಲಲಿಲ್ಲ. ಇಳಿದು ಬಂದು ಕೈ ಜೋಡಿಸಿ, ಮನೆ ಒಪ್ಪಿಗೆ ಎಂದ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳದೆ, ಬಂಡೆ ನೋಡಿ ಮನೆ ಹಿಡಿದ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನ ಹೆಂಡತಿ ಯೂಕೊ ನಮ್ಮ ಸಾವಿತ್ರಿಯ ಅಡುಗೆಮನೆ ಬಾಗಿಲಲ್ಲಿ ನಿಂತು ನಿಂತು ಕನ್ನಡ ಕಲಿತಳು. ಬಾಗಿಲಿಗೆ ಬರುವ ಸೊಪ್ಪಿನವಳ ಹತ್ತಿರವೂ ಅಷ್ಟಿಷ್ಟು ಕಲಿತಳು. ಹೀಗಾಗಿ ಅವಳ ಮಾತಿನಲ್ಲಿ ವ್ಯಾಕರಣ ನನ್ನ ಹೆಂಡತಿಯದು, ಚೌಕಾಸಿ ಸೊಪ್ಪಿನವಳದು, ವಿನಯ ಮಾತ್ರ ಸ್ವಂತದ್ದು. ಅವರ ಕಡೆ ಹೆಸರಿಗೆ ‘ಸಾನ್’ ಸೇರಿಸಿದರೆ ಮರ್ಯಾದೆಯಂತೆ. ಮಗು ಹಾನಾ ನನ್ನನ್ನು ತಾತ ಎಂದರೆ ತಾಯಿ ತಾತ-ಸಾನ್ ಎನ್ನುತ್ತಿದ್ದಳು. ಸಾವಿತ್ರಿ ಅಜ್ಜಿ-ಸಾನ್ ಆದಳು. ಹುದ್ದೆಯಲ್ಲಿದ್ದಾಗಲೂ ನನಗೆ ಯಾರೂ ಬಾಲ ಹಚ್ಚಿ ಮರ್ಯಾದೆ ಕೊಟ್ಟಿರಲಿಲ್ಲವಾದ್ದರಿಂದ ನಾನು ಆಕ್ಷೇಪಿಸಲಿಲ್ಲ. ಯೂಕೊಗೆ ಒಂದೇ ಒಂದು ಕನ್ನಡ ಪದ ಬರುತ್ತಿರಲಿಲ್ಲ. ಅದು ‘ಬೇಡ’. ಉಪ್ಪು ಮುಂದಾದ ಸಾರು ಕೊಟ್ಟರೂ ಸೊಂಟ ಬಗ್ಗಿಸಿ, ತುಂಬಾ ಚೆನ್ನಾಗಿದೆ ಎನ್ನುತ್ತಿದ್ದಳು. ಸಾವಿತ್ರಿಯಂಥವಳ ಕೈಗೆ ಇಂಥವಳು ಸಿಕ್ಕರೆ ಏನಾಗಬಹುದು ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಯೂಕೊ ಕೆಳಗಿಳಿದು ಬಂದು ಕೂತು ವಿಷಯ ತೆಗೆದಳು. ಮಾರ್ಚ್ ಮೂರನೇ ತಾರೀಕು ಅವರ ದೇಶದಲ್ಲಿ ಹೆಣ್ಣುಮಕ್ಕಳ ಹಬ್ಬ. ಮೆಟ್ಟಿಲು ಕಟ್ಟಿ, ಕೆಂಪು ಬಟ್ಟೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ ಮತ್ತು ಮಹಾರಾಣಿ, ಕೆಳಗೆ ಸಖಿಯರು, ಅದಕ್ಕೂ ಕೆಳಗೆ ವಾದ್ಯದವರು, ಹೀಗೆ ಬೊಂಬೆ ಕೂರಿಸುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಸಾವಿತ್ರಿ ಒರಳಿನ ಮುಂದಿನಿಂದ ಎದ್ದೇ ಬಿಟ್ಟಳು. ಇದು ನಮ್ಮ ದಸರಾ ಬೊಂಬೆಯೇ ಕಣೇ, ನೀವು ನಮ್ಮೋರೇ ಕಣೇ ಎಂದು ಅವಳ ಗಲ್ಲ ಹಿಡಿದಳು. ಕೈಯಲ್ಲಿದ್ದ ಹಿಟ್ಟು ಗಲ್ಲಕ್ಕಾಯಿತು. ಯೂಕೊ, ತುಂಬಾ ಚೆನ್ನಾಗಿದೆ ಎಂದಳು.

ಆದರೆ ಅವಳ ಬೊಂಬೆಗಳು ಇಲ್ಲಿರಲಿಲ್ಲ. ತಾಯಿಯ ಮನೆಯ ಅಟ್ಟದಲ್ಲಿದ್ದವು. ವಿಮಾನದಲ್ಲಿ ತರುವಂಥವಲ್ಲ. ಹಿಂದಿನ ವರ್ಷ ಕಾಗದದಲ್ಲಿ ಬೊಂಬೆ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ ಹಾನಾ ಅದನ್ನು ಹಬ್ಬವೆಂದು ಒಪ್ಪಲಿಲ್ಲವಂತೆ. ಫ್ರಿಜ್ಜು ತೆರೆದಾಗಲೆಲ್ಲ ಮಹಾರಾಣಿ ಗೋಡೆಗೆ ಗುದ್ದಿಕೊಳ್ಳುತ್ತಿದ್ದಳು. ಮಗು ಪರದೇಶದಲ್ಲಿ ಬೊಂಬೆಯಿಲ್ಲದೆ ಬೆಳೆಯುತ್ತಿದೆ ಎಂದು ಅಲ್ಲಿ ಅಜ್ಜಿಗೆ ಚಿಂತೆ. ಈ ವರ್ಷ ಹಬ್ಬ ಆಗಲೇಬೇಕು. ಜೊತೆಗೆ ಒಂದು ಕಟ್ಟುನಿಟ್ಟಿದೆ ಎಂದು ಯೂಕೊ ನನ್ನ ಕಡೆ ತಿರುಗಿದಳು. ಹಬ್ಬದ ದಿನ ಮುಗಿಯುವುದರೊಳಗೆ ಬೊಂಬೆಗಳು ಪೆಟ್ಟಿಗೆ ಸೇರಬೇಕು. ತಡವಾದರೆ ಮನೆಯ ಹೆಣ್ಣುಮಗುವಿನ ಮದುವೆ ತಡವಾಗುತ್ತದೆ. ಅವಳ ಚಿಕ್ಕಂದಿನಲ್ಲಿ ಒಂದು ವರ್ಷ ಅಮ್ಮ ಮರೆತು, ಮಳೆಗಾಲದ ತನಕ ಬೊಂಬೆಗಳು ಹಾಗೇ ಕೂತಿದ್ದವಂತೆ. ಯೂಕೊಗೆ ಮದುವೆಯಾದದ್ದು ಓರಗೆಯವರೆಲ್ಲ ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ. ಅಂದಿನಿಂದ ಅಮ್ಮ ಆ ಒಂದು ವಿಷಯದಲ್ಲಿ ಬಹಳ ಬಿಗಿ.

ನೀನು ಇದನ್ನೆಲ್ಲ ನಂಬುತ್ತೀಯೇನಮ್ಮ ಎಂದು ಕೇಳಿದೆ.

“ನಾನು ನಗುತ್ತೇನೆ ತಾತ-ಸಾನ್” ಎಂದಳು ಯೂಕೊ. “ಆದರೆ ಪೆಟ್ಟಿಗೆ ಮುಚ್ಚುತ್ತೇನೆ.”

ಇದಕ್ಕಿಂತ ಪ್ರಾಮಾಣಿಕವಾದ ಧಾರ್ಮಿಕ ನಿಲುವನ್ನು ನಾನು ಬೇರೆಲ್ಲೂ ಕೇಳಿಲ್ಲ. ಇಪ್ಪತ್ತು ಮೈಲಿ ಸುತ್ತಿನ ಎಲ್ಲ ಮನೆಗಳಲ್ಲೂ ನಡೆಯುವುದು ಇದೇ. ಹೇಳುವ ಧೈರ್ಯ ಯಾರಿಗೂ ಇಲ್ಲ.

ಬೊಂಬೆ ಬೇಕೆಂದರೆ ನಮ್ಮ ಕಡೆಯವರು ಯೋಚಿಸುವ ಅಗತ್ಯವೇ ಇಲ್ಲ. ಪ್ಯಾಸೆಂಜರ್ ರೈಲು ಹತ್ತಿದರೆ ಮುಂದೆ ಚನ್ನಪಟ್ಟಣ. ಯೂಕೊ, ಹಾನಾ ಮತ್ತು ನಾನು ಹೋದೆವು. ನಯಾಜ್ ಎಂಬ ಬೊಂಬೆಯವನು ನನಗೆ ಹಳೆಯ ಪರಿಚಯ. ಅವನ ಅಣ್ಣಂದಿರು ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ನಡೆಸುತ್ತ ಗೂಡು ಕೊಳ್ಳಲು ನಮ್ಮ ಮಾರುಕಟ್ಟೆಗೆ ಬರುತ್ತಿದ್ದರು. ಅವನ ಅಂಗಳದ ಹೆಂಚಿನ ಸೂರಿನ ಕೆಳಗೆ ಹೋಗಿ ಕೂತರೆ ಎಂಥವನಿಗೂ ಕಣ್ಣು ಭಾರವಾಗುತ್ತದೆ. ಲೇತ್ ತಿರುಗುವ ಒಂದೇ ಸಮನಾದ ಗುಂಯ್ ಶಬ್ದ. ಆಲೆಮರದ ಹೊಟ್ಟು ಬೆಳ್ಳಗೆ ಸುರುಳಿ ಸುರುಳಿಯಾಗಿ ಎದ್ದು, ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ತೇಲಿ, ಯಾವ ಅವಸರವೂ ಇಲ್ಲದೆ ನೆಲಕ್ಕೆ ಬರುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ತಾನಾಗಿ ಹರಡುತ್ತದೆ. ಅದರ ಮೇಲೆ ತಾಳೆಗರಿ ಹಿಡಿದರೆ ಹೊಳಪು. ಆ ಬಿಸಿ ಅರಗಿನ ವಾಸನೆಯಲ್ಲಿ ನನಗೆ ಯಾರದೋ ಮದುವೆಮನೆ, ಯಾವುದೋ ಕಾಲದ ಸಂಜೆ, ತೊಟ್ಟಿಲು ತೂಗಿದ ಹಗ್ಗದ ಸದ್ದು ಎಲ್ಲ ಒಟ್ಟೊಟ್ಟಿಗೆ ನೆನಪಿಗೆ ಬಂದವು. ಇವುಗಳಲ್ಲಿ ಯಾವೊಂದಕ್ಕೂ ಅರಗಿಗೂ ಸಂಬಂಧವಿಲ್ಲ. ಹಾನಾ ಹೊಟ್ಟಿನ ರಾಶಿಯ ಮೇಲೆ ಕೂತವಳು ಅಲ್ಲೇ ವಾಲಿ ನಿದ್ದೆಹೋದಳು. ನಾನು ವಯಸ್ಸಿನ ಮರ್ಯಾದೆಗೆ ಕೂತಲ್ಲೇ ನಿದ್ದೆಹೋದೆ.

ಫೋನಿನಲ್ಲಿದ್ದ ಚಿತ್ರ ನೋಡಿ ನಯಾಜ್, ಆಯ್ತಕ್ಕ, ಎಲ್ಲ ನೈಸಾಗಿ ಉರುಟಾಗಿ ತಿರುಗಿಸಿ ಕೊಡ್ತೀನಿ ಎಂದು ಒಪ್ಪಿಕೊಂಡ. ಹೇಳಿದ ದಿನಕ್ಕೆ ತಾನೇ ಚೀಲದಲ್ಲಿ ತಂದ. ಮಹಾರಾಣಿಗೆ ಹದವಾದ ಕೆಂಪು, ಸಖಿಯರಿಗೆ ಬಿಳಿ, ವಾದ್ಯದವರಿಗೆ ಹಸಿರು ಮತ್ತು ಅರಿಶಿನ. ಒಂದೊಂದೂ ಅಂಗೈಯಲ್ಲಿ ಕೂರುವಂಥ ಉರುಟು ಬೊಂಬೆ. ಕೊನೆಗೆ ಚಕ್ರವರ್ತಿಯನ್ನು ಹೊರತೆಗೆದ. ಚಕ್ರವರ್ತಿಗೆ ಕಿವಿಯವರೆಗೆ ಹುರಿಮಾಡಿದ ಕಪ್ಪು ಮೀಸೆ ಇತ್ತು.

ಚಿತ್ರದಲ್ಲಿ ಮೀಸೆ ಇರಲಿಲ್ಲವಲ್ಲಯ್ಯ ಎಂದೆ.

“ಇರ್ನಿಲ್ಲ ಸಾರ್. ನಾನೂ ಮೂರ್ ದಪ ನೋಡ್ದೆ. ಮೀಸೆ ಇಲ್ದಿದ್ರೆ ರಾಜ ಅಂತ ಯಾರ್ ಹೇಳ್ತಾರೆ? ಪಾಪ, ಅವ್ರ ಕಡೆ ಬರೆಯೋರು ಮರ್ತವ್ರೆ ಅಂತ ನಾನೇ ಒಸಿ ಎಳ್ದ್‌ಬುಟ್ಟೆ” ಎಂದ ನಯಾಜ್, ಒಂದು ಸಾಮ್ರಾಜ್ಯದ ತಪ್ಪನ್ನು ತಿದ್ದಿದ ತೃಪ್ತಿಯಲ್ಲಿ.

ಅರಗಿನ ಮೇಲೆ ಬರೆದದ್ದು ಅಳಿಸುವಂತಿಲ್ಲ. ಯೂಕೊ ಚಕ್ರವರ್ತಿಯನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟ ಬಗ್ಗಿಸಿದಳು. ಹೇಳಿದ್ದೇನೆಂದು ನೀವೇ ಊಹಿಸಬಲ್ಲಿರಿ. ಹಾನಾ ಮಾತ್ರ ಚಕ್ರವರ್ತಿಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಚಕ್ರವರ್ತಿಯನ್ನು ನೋಡಿ, ‘ತಾತ’ ಎಂದು ತೀರ್ಮಾನಿಸಿದಳು. ಅಂದು ಸಂಜೆ ನಾನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆನೆಂದು ಸಾವಿತ್ರಿ ಹೇಳುತ್ತಾಳೆ. ಇರಬಹುದು.

ಮಹಡಿಯ ಕೋಣೆ ಚಿಕ್ಕದು, ಬೊಂಬೆ ಮೆಟ್ಟಿಲು ನಮ್ಮಲ್ಲೇ ಇದೆ, ಆದ್ದರಿಂದ ಹಬ್ಬ ನಮ್ಮ ಹಜಾರದಲ್ಲೇ ಆಗಲಿ ಎಂದು ಸಾವಿತ್ರಿ ನಿರ್ಧರಿಸಿದಳು. ಹಿಂದಿನ ಸಂಜೆ ಮೆಟ್ಟಿಲು ಜೋಡಿಸಿ, ತನ್ನ ಮದುವೆಯ ಕಾಲದ ಕೆಂಪು ರೇಷ್ಮೆ ಸೀರೆ ಹಾಸಿದಳು. ಯೂಕೊ ಮಂಡಿಯೂರಿ ಕೂತು, ಉಸಿರು ಬಿಗಿಹಿಡಿದು, ಒಂದೊಂದೇ ಬೊಂಬೆಯನ್ನು ಇಟ್ಟು, ದೂರ ಸರಿದು ನೋಡಿ, ಕೂದಲೆಳೆಯಷ್ಟು ಸರಿಸಿದಳು. ತಾಯಿ ಮಗಳು ಏನೋ ಪಿಸುಗುಟ್ಟಿಕೊಂಡರು. ಬೊಂಬೆಗಳ ನಡುವೆ ಬೇಕಾದಷ್ಟು ಖಾಲಿ ಜಾಗವಿತ್ತು. ಆ ಖಾಲಿ ಜಾಗವೇ ಅವರ ಹಬ್ಬದ ಅಂದ ಎಂದು ನನಗೆ ತೋರಿತು. ಸಾವಿತ್ರಿಗೂ ಅದು ತೋರಿತು, ಬೇರೆ ರೀತಿಯಲ್ಲಿ. ಪಾಪ, ಬಿಕೋ ಅನ್ನುತ್ತಿದೆ ಎಂದಳು.

ಬೆಳಿಗ್ಗೆ ನಾನೆದ್ದು ನೋಡುವಾಗ ಚಕ್ರವರ್ತಿಯ ಪಕ್ಕದಲ್ಲಿ ನಮ್ಮ ಮನೆಯ ಪಟ್ಟದ ಬೊಂಬೆ ರಾಜರಾಣಿ ಜರತಾರಿ ಉಟ್ಟು ನಿಂತಿದ್ದರು. ಹೊಸಬರಿಗೆ ಜೊತೆ ಬೇಡವೇ ಎಂಬುದು ಸಾವಿತ್ರಿಯ ವಾದ. ಸಖಿಯರ ಎಡಬಲಕ್ಕೆ ದಶಾವತಾರ. ವಾದ್ಯದವರ ಮುಂದೆ ಶೆಟ್ಟರು ಶೆಟ್ಟಮ್ಮ ಅಕ್ಕಿ ಬೇಳೆ ಹರವಿಕೊಂಡು ಅಂಗಡಿ ತೆರೆದಿದ್ದರು. ಕೆಳಗೆ ರಾಗಿ ಪೈರು ಬೆಳೆಸಿದ ಬಟ್ಟಲು, ಕನ್ನಡಿಯ ಕೆರೆ, ಕೆರೆಯಲ್ಲಿ ಪ್ಲಾಸ್ಟಿಕ್ ಬಾತು. ಯೂಕೊ ಮೆಟ್ಟಿಲಿಳಿದು ಬಂದು ಬಾಗಿಲಲ್ಲೇ ನಿಂತಳು. ಅವಳ ಬೊಂಬೆಗಳು ದಸರಾ ರಜೆಯ ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ಅಲ್ಲಲ್ಲಿ ತಲೆ ಕಾಣಿಸುತ್ತಿದ್ದವು. ಸಾವಿತ್ರಿ ಹೇಗಿದೆ ಎಂದು ಕೇಳಿದಳು. ಉತ್ತರ ಬಂತು. ಅವರಲ್ಲಿ ಗುಲಾಬಿ, ಬಿಳಿ, ಹಸಿರು ಬಣ್ಣದ ಅಕ್ಕಿಸಿಹಿಯನ್ನು ವಜ್ರಾಕಾರವಾಗಿ ಕತ್ತರಿಸಿ ಇಡುತ್ತಾರಂತೆ. ಸಾವಿತ್ರಿ ಅದೇ ಬಣ್ಣದಲ್ಲಿ ಕೊಬ್ಬರಿಮಿಠಾಯಿ ಮಾಡಿ ಅದೇ ಆಕಾರದಲ್ಲಿ ಕತ್ತರಿಸಿದ್ದಳು. ಪೀಚ್ ಹೂವಿನ ಬದಲು ಕಣಗಿಲೆ. ಬಣ್ಣಬಣ್ಣದ ಅನ್ನದ ಬದಲು ಚಿತ್ರಾನ್ನ. ಪ್ರೀತಿಯಲ್ಲಿ ಒಂದು ಗುಲಗಂಜಿಯಷ್ಟೂ ಕೊರತೆ ಇರಲಿಲ್ಲ. ಅದೇ ತೊಂದರೆ.

ಮಧ್ಯಾಹ್ನದಿಂದ ಬೀದಿಯ ಹೆಂಗಸರು ಬರತೊಡಗಿದರು. ಮಾರ್ಚಿನಲ್ಲಿ ಬೊಂಬೆ ಎಂದರೆ ಯಾರು ತಾನೆ ಬಿಟ್ಟಾರು? ಎದುರುಮನೆ ಪುಟ್ಟಗೌರಮ್ಮನವರು ಮೊದಲಿಗೇ ಬಂದು ಒಂದು ಕುರ್ಚಿಯನ್ನು ಕಾಯಂ ಮಾಡಿಕೊಂಡರು. ಹಾಡು, ಅರಿಶಿನ ಕುಂಕುಮ, ಮಕ್ಕಳಿಗೆ ಬೊಂಬೆ ಬಾಗಿನ. ನಾನು ಮೂಲೆಯ ಆರಾಮಕುರ್ಚಿಯಲ್ಲಿ ಚಿತ್ರಾನ್ನದ ಭಾರದಿಂದ ಒರಗಿದ್ದೆ. ಕಿಟಕಿಯ ಬಿಸಿಲು ಕೆಂಪು ಸೀರೆಯ ಮೇಲೆ ಬಿದ್ದು ಇಡೀ ಹಜಾರ ದಾಳಿಂಬೆಯ ಒಳಗಿನಂತೆ ಆಗಿತ್ತು. ಅರೆನಿದ್ದೆಯಲ್ಲಿ ನನಗೆ ಮೀಸೆಯ ಚಕ್ರವರ್ತಿ ಮೆಟ್ಟಿಲಿಳಿದು, ಶೆಟ್ಟರ ಅಂಗಡಿಯ ಮುಂದೆ ನಿಂತು, ನಮ್ಮೂರಿಗೆ ಹೋಗುವ ದಾರಿ ಯಾವುದು ಎಂದು ಕೇಳಿದಂತಾಯಿತು. ಶೆಟ್ಟರು ತಕ್ಕಡಿ ಎತ್ತಿಕೊಂಡೇ, ಮಾಗಡಿ ಬಸ್ಸಿಗೆ ಹೋಗಿ, ಅಲ್ಲಿ ಇಳಿದು ಕೇಳಿ ಎಂದರು. ಚಕ್ರವರ್ತಿಯ ಮುಖ ನೋಡಲಾಗಲಿಲ್ಲ. ಕಣ್ಣು ಬಿಟ್ಟೆ. ಎದುರಿಗೆ, ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು, ಕೈಯಲ್ಲಿ ಎಲೆಅಡಿಕೆ ಹಿಡಿದುಕೊಂಡು, ಬಂದವರಿಗೆಲ್ಲ ಬಗ್ಗುತ್ತ ಯೂಕೊ ನಿಂತಿದ್ದಳು, ಹಬ್ಬಕ್ಕೆ ಕರೆಸಿಕೊಂಡ ನೆರೆಯವಳ ಹಾಗೆ. ಅದು ಅವಳದೇ ಹಬ್ಬವೆಂದು ಕೋಣೆಯಲ್ಲಿ ಯಾರಿಗೂ ನೆನಪಿದ್ದಂತಿರಲಿಲ್ಲ. ನನಗೆ ಮಾವನವರ ಮನೆಯ ಆ ಕಂಬ ಬೆನ್ನಿಗೆ ಒತ್ತಿದಂತಾಯಿತು. ಆದರೆ ತೆರೆಸುವುದಕ್ಕೆ ಕಿಟಕಿ ಇರಲಿಲ್ಲ. ಎಲ್ಲ ತೆರೆದೇ ಇದ್ದವು.

ಸಂಜೆಯಾಯಿತು. ಸಾವಿತ್ರಿ ದೀಪ ಹಚ್ಚಿದಳು. ಯೂಕೊ ಮಹಡಿಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆಯನ್ನೂ ಮೆತ್ತನೆಯ ಕಾಗದವನ್ನೂ ತಂದು ಮೆಟ್ಟಿಲ ಬಳಿ ಇಟ್ಟಳು. ಹೆಂಗಸರೆಲ್ಲ ಅತ್ತ ತಿರುಗಿದರು.

“ಏನಮ್ಮಾ ಇದು?” ಎಂದಳು ಸಾವಿತ್ರಿ.

ಈಗ ಮುಚ್ಚಬೇಕು ಅಜ್ಜಿ-ಸಾನ್ ಎಂದು ಯೂಕೊ ಮೆಲ್ಲಗೆ ಹೇಳಿದಳು.

“ಇವತ್ತು ಶುಕ್ರವಾರ ಕಣೇ. ದೀಪ ಹಚ್ಚಿದ ಮೇಲೆ ಲಕ್ಷ್ಮಿಯಂಥ ಬೊಂಬೇನ ಪೆಟ್ಟಿಗೆಗೆ ಹಾಕಿ ಮುಚ್ಚೋದಾ? ಹೆಣ್ಣುಮಗು ಇರೋ ಮನೇಲಿ?”

ಪುಟ್ಟಗೌರಮ್ಮನವರು ಕುರ್ಚಿಯಿಂದಲೇ ತಮ್ಮ ಅಭಿಪ್ರಾಯ ಕೊಟ್ಟರು. “ಬ್ಯಾಡ ಕಣವ್ವ, ಕೈ ಮುಗೀತೀನಿ. ಸುಕ್ರವಾರ ನಾವು ಮಜ್ಜಿಗೇನೂ ಆಚೆ ಕೊಡಾಕಿಲ್ಲ.”

ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ. ಆದರೆ ಒಂದು ಕಡೆಯ ಶಾಸ್ತ್ರದ ಪ್ರಕಾರ ಇವತ್ತು ಮುಚ್ಚದಿದ್ದರೆ ಹಾನಾಗೆ ಕೇಡು. ಇನ್ನೊಂದು ಕಡೆಯ ಶಾಸ್ತ್ರದ ಪ್ರಕಾರ ಇವತ್ತು ಮುಚ್ಚಿದರೆ ಹಾನಾಗೆ ಕೇಡು. ಎರಡೂ ಕಡೆಯವರಿಗೆ ಆ ಮಗುವಿನ ಮೇಲೆ ಪ್ರಾಣ. ಯೂಕೊ ಕಾಗದವನ್ನು ಕೈಯಲ್ಲಿ ಹಿಡಿದೇ ನಿಂತಳು. ‘ತುಂಬಾ ಚೆನ್ನಾಗಿದೆ’ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಮೊದಲ ಸಲ. ಕಣ್ಣು ಮಾತ್ರ ತುಂಬಿಕೊಂಡಿತು. ಸಾವಿತ್ರಿ ಅದನ್ನು ನೋಡಿ ಕಂಗಾಲಾಗಿ, ಕಂಗಾಲಾದಾಗ ಯಾವಾಗಲೂ ಮಾಡುವ ಹಾಗೆ, ನನ್ನ ಕಡೆ ತಿರುಗಿ, ರೀ, ನೀವೇ ಹೇಳಿ ಎಂದಳು.

ಗೂಡಿನ ಹರಾಜಿನಲ್ಲಿ ಜಗಳವಾದಾಗ ರೈತರೂ ರೀಲರುಗಳೂ ನನ್ನ ಮೇಜಿಗೆ ಬರುತ್ತಿದ್ದರು. ನಾನು ಕನ್ನಡಕ ತೆಗೆದು ಒರೆಸುತ್ತಿದ್ದೆ. ಒರೆಸುವಷ್ಟರಲ್ಲಿ ಅವರೇ ರಾಜಿಯಾಗುತ್ತಿದ್ದರು. ಅಷ್ಟೇ ನನ್ನ ನ್ಯಾಯಶಾಸ್ತ್ರ. ಈಗಲೂ ಕನ್ನಡಕ ತೆಗೆದು ಒರೆಸಿದೆ. ಯಾರೂ ರಾಜಿಯಾಗಲಿಲ್ಲ. ಇನ್ನೂ ಒರೆಸಿದರೆ ಗಾಜು ಸವೆಯುತ್ತದೆ ಅನ್ನಿಸಿ, ಎದ್ದು ನಿಂತು ತೀರ್ಪು ಕೊಟ್ಟೆ. ವಿಜಯದಶಮಿಯ ರಾತ್ರಿ ನಾವು ಪಟ್ಟದ ಬೊಂಬೆಗಳನ್ನು ಮಲಗಿಸುತ್ತೇವೆ. ಮಲಗಿಸುವುದಕ್ಕೆ ವಾರದ ದೋಷವಿಲ್ಲ. ಮಲಗಿದವರು ಸಭೆಯಲ್ಲಿ ಇದ್ದಂತೆ ಲೆಕ್ಕವಲ್ಲ. ಆದ್ದರಿಂದ ಜಪಾನಿನ ಕಟ್ಟಳೆಯೂ ಉಳಿಯಿತು. ಪೆಟ್ಟಿಗೆ ನಾಳೆಗೆ. ಹೆಂಗಸರು ಹೌದು ಹೌದು ಎಂದರು. ಸಾವಿತ್ರಿ ನನ್ನನ್ನು ಮದುವೆಯ ಹೊಸದರಲ್ಲಿ ನೋಡಿದ ಹಾಗೆ ನೋಡಿದಳು. ಯೂಕೊ ಕೂಡ, ಅರೆಮನಸ್ಸಿನಿಂದ, ತಲೆಯಾಡಿಸಿದಳು. ನಾನೇ ಮುಂದೆ ಹೋಗಿ ಚಕ್ರವರ್ತಿಯನ್ನು ಗೌರವದಿಂದ ಹಿಡಿದು ಕೆಂಪು ಸೀರೆಯ ಮೇಲೆ ಮಲಗಿಸಿದೆ.

ನಯಾಜ್ ಬೊಂಬೆಗಳನ್ನು ನೈಸಾಗಿ ಉರುಟಾಗಿ ತಿರುಗಿಸಿದ್ದ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚಕ್ರವರ್ತಿ ಒಂದು ಕ್ಷಣ ಯೋಚಿಸಿದರು. ಆಮೇಲೆ ಉರುಳಿದರು. ಸಖಿಯರ ಮೆಟ್ಟಿಲು, ವಾದ್ಯದವರ ಮೆಟ್ಟಿಲು, ಶೆಟ್ಟರ ಅಂಗಡಿ ಎಲ್ಲವನ್ನೂ ಗಂಭೀರವಾಗಿ ದಾಟಿ, ಕನ್ನಡಿಯ ಕೆರೆಯ ಅಂಚಿಗೆ ತಾಗಿ, ಬಾತನ್ನು ಕೆಡವಿ, ನೆಲದ ಮೇಲೆ ಟಕಟಕ ಸದ್ದು ಮಾಡುತ್ತ ಹೋಗಿ ನಮ್ಮ ಕಬ್ಬಿಣದ ಬೀರುವಿನ ಕೆಳಗೆ ಅಂತರ್ಧಾನರಾದರು. ಆ ಬೀರು ನನ್ನ ಮದುವೆಯಲ್ಲಿ ಬಂದದ್ದು. ಬಂದ ದಿನ ಇಟ್ಟ ಜಾಗದಿಂದ ಅದನ್ನು ಯಾರೂ ಕದಲಿಸಿಲ್ಲ. ಅಷ್ಟರಲ್ಲಿ ಯೂಕೊಳ ಫೋನು ಹಾಡತೊಡಗಿತು.

ಜಪಾನಿನಿಂದ ಹಾನಾಳ ಅಜ್ಜಿ, ಯೂಕೊಳ ಅಮ್ಮ. ಅಲ್ಲಿ ಆಗಲೇ ಮಲಗುವ ಹೊತ್ತು. ಬೊಂಬೆ ಒಳಗಿಟ್ಟಿರಾ ಎಂದು ಕೇಳಿಯೇ ಮಲಗುವವರು. ಹಾನಾ ಫೋನು ಕಿತ್ತುಕೊಂಡು ಎಲ್ಲರಿಗಿಂತ ಮೊದಲು ಮೆಟ್ಟಿಲ ಕಡೆಗೆ ಹಿಡಿದುಬಿಟ್ಟಳು. ಪರದೆಯೊಳಗಿನ ಬಿಳಿಕೂದಲಿನ ಮುಖ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ದಶಾವತಾರ, ಶೆಟ್ಟರು, ಬಾತು, ಒಂಟಿ ಮಹಾರಾಣಿ ಎಲ್ಲವನ್ನೂ ನೋಡಿ ಏನೋ ಕೇಳಿತು. ಯೂಕೊ ಉತ್ತರಿಸುವ ಮೊದಲೇ ಸಾವಿತ್ರಿ ಫೋನಿನ ಮುಂದೆ ಕೂತು, ಶುಕ್ರವಾರದ ಮಹತ್ವವನ್ನು ಅಚ್ಚ ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದಳು. ಆ ಕಡೆಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, ಅಷ್ಟೇ ಉದ್ದದ ಉತ್ತರವನ್ನು ತಮ್ಮ ಭಾಷೆಯಲ್ಲಿ ಕೊಟ್ಟರು. ಇಬ್ಬರೂ ಗಂಟಲು ಸರಿಮಾಡಿಕೊಂಡು, ತಲೆದೂಗಿ, ಒಬ್ಬರಿಗೊಬ್ಬರು ಕೈ ಮುಗಿದರು. ಒಂದಕ್ಷರವೂ ಆ ಕಡೆ ಈ ಕಡೆ ಹೋಗಿರಲಿಲ್ಲ. ಹೋಗುವ ಅಗತ್ಯವೂ ಇದ್ದಂತಿರಲಿಲ್ಲ.

ಯೂಕೊ ಫೋನು ತೆಗೆದುಕೊಂಡು, ತಗ್ಗಿದ ದನಿಯಲ್ಲಿ, ತಪ್ಪು ಒಪ್ಪಿಸುವವಳ ಹಾಗೆ ಮಾತಾಡಿದಳು. ಆಮೇಲೆ ಅಜ್ಜಿ ನಿಧಾನವಾಗಿ ಏನೋ ಹೇಳತೊಡಗಿದರು. ಕೇಳುತ್ತ ಕೇಳುತ್ತ ಯೂಕೊ ನೆಲದ ಮೇಲೆ ಕೂತುಬಿಟ್ಟಳು. ಏನಂತೆ, ಬೈದರೇನೇ ಎಂದು ಸಾವಿತ್ರಿ ಭುಜ ಹಿಡಿದು ಕೇಳಿದಳು.

“ಅಮ್ಮ ಮರೆತಿರಲಿಲ್ಲವಂತೆ” ಎಂದಳು ಯೂಕೊ. ಪದ ಹುಡುಕಿಕೊಂಡು, ನಿಂತು ನಿಂತು ಹೇಳಿದಳು. “ಆ ವರ್ಷ. ನನ್ನ ಬೊಂಬೆ. ಬೇಕು ಅಂತಲೇ ಇಟ್ಟರಂತೆ. ನಾನು ಇನ್ನೂ ಸ್ವಲ್ಪ ದಿನ ಮನೆಯಲ್ಲಿ ಇರಲಿ ಅಂತ.”

ಪುಟ್ಟಗೌರಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡರು. ಬಾಗಿನಕ್ಕೆ ಬಂದಿದ್ದ ಮಕ್ಕಳು ಕೊಬ್ಬರಿಮಿಠಾಯಿ ಅಗಿಯುವುದನ್ನು ನಿಲ್ಲಿಸಿದವು. ಫೋನಿನೊಳಗಿನ ಅಜ್ಜಿ ನಗುತ್ತಿದ್ದರೋ ಇಲ್ಲವೋ, ಚಿತ್ರ ಅಲ್ಲಾಡುತ್ತಿದ್ದುದರಿಂದ ತಿಳಿಯಲಿಲ್ಲ.

ಸಾವಿತ್ರಿ ಎದ್ದು ಹೋಗಿ ಪಟ್ಟದ ಬೊಂಬೆ ರಾಜರಾಣಿಯನ್ನು ಮೇಲಿನ ಮೆಟ್ಟಿಲಿನಿಂದ ಇಳಿಸಿದಳು. ಶುಕ್ರವಾರವೆಂಬುದನ್ನು ಆಗ ಅವಳಿಗೆ ನೆನಪಿಸುವ ಧೈರ್ಯ ನನಗಿರಲಿಲ್ಲ. ದಶಾವತಾರಗಳು ಒಂದೊಂದಾಗಿ ಇಳಿದವು. ಶೆಟ್ಟರು ಅಂಗಡಿ ಎತ್ತಿದರು. ಬಾತು ಅಡುಗೆಮನೆಗೆ ಹೋಯಿತು. ಕೆಂಪು ಸೀರೆಯ ಮೇಲೆ ಹಿಂದಿನ ಸಂಜೆಯ ಖಾಲಿ ಜಾಗವೆಲ್ಲ ಮತ್ತೆ ಬಂದು ಕೂತಿತು. ಸಾವಿತ್ರಿ ಆರತಿ ತಟ್ಟೆಯನ್ನು ಯೂಕೊಳ ಕೈಗೆ ಕೊಟ್ಟು, ನಿಮ್ಮ ಮನೇಲಿ ಹೇಗೆ ಮಾಡ್ತಾರೋ ಹಾಗೆ ಮಾಡಮ್ಮ ಎಂದಳು. ಅವರ ಮನೆಯಲ್ಲಿ ಆರತಿ ಇಲ್ಲವಂತೆ. ಯೂಕೊ ತಟ್ಟೆಯನ್ನು ಪಕ್ಕಕ್ಕಿಟ್ಟು, ಒಂದು ಕಾಗದದ ಪುಟ್ಟ ದೀಪ ಹಚ್ಚಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸಣ್ಣ ಹಾಡು ಹೇಳಿದಳು. ಫೋನಿನಿಂದ ಒಂದು ಮುದಿದನಿ ಅರ್ಧ ಸಾಲು ಹಿಂದೆ ಬಿದ್ದು ಕೂಡಿಕೊಂಡಿತು. ಆಗ ತಾನೆ ಶಿಫ್ಟು ಮುಗಿಸಿ ಬಂದ ತಕೇಶಿ, ಬೂಟು ಕೈಯಲ್ಲಿ ಹಿಡಿದು ಹೊಸ್ತಿಲಾಚೆಯೇ ನಿಂತ. ಹೊರಗೆ ಬೆಟ್ಟದ ಬಂಡೆಗಳು ಕಂದಿ, ಕಪ್ಪಾಗಿ, ಆಕಾಶದಲ್ಲಿ ಕಲೆತವು. ರಾಮನಗರ ಅಷ್ಟು ಹೊತ್ತು ಎಲ್ಲಿತ್ತೋ ನನಗೆ ತಿಳಿಯದು.

ಇವತ್ತೊಂದು ದಿನ ಇರಲಿ, ನಾಳೆ ಮುಚ್ಚುತ್ತೇನೆ ಎಂದು ಯೂಕೊ ತಾನಾಗಿಯೇ ಹೇಳಿದಳು. ಒಂದು ದಿನ ತಡವಾದರೆ ಹಾನಾ ಒಂದು ದಿನ ಹೆಚ್ಚು ತಾಯಿಯ ಹತ್ತಿರ ಇರುತ್ತಾಳೆ; ನಷ್ಟವೇನಿದೆ ಎಂದು ಹೆಂಗಸರೆಲ್ಲ ಒಪ್ಪಿದರು. ನನ್ನ ತೀರ್ಪು ಏನಾಯಿತೆಂದು ಯಾರೂ ಕೇಳಲಿಲ್ಲ. ಅದು ಚಕ್ರವರ್ತಿಯ ಜೊತೆ ಬೀರುವಿನ ಕೆಳಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅಪರಾಧಿ ನಾನೇ ಆದ್ದರಿಂದ, ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೊತ್ತಿ, ಕೊಡೆಯ ಹಿಡಿಯಿಂದ ಬೀರುವಿನ ಕೆಳಗೆ ತಡಕಿದೆ. ಆ ಕತ್ತಲೆಯಲ್ಲಿ, ಧೂಳಿನ ನಡುವೆ, ಚಕ್ರವರ್ತಿ ಒರಗಿಕೊಂಡು ಮೀಸೆಯಡಿಯಲ್ಲಿ ನಗುತ್ತಿದ್ದರು. ಎಳೆದು ತೆಗೆದು ಪಂಚೆಯ ಅಂಚಿನಿಂದ ಒರೆಸಿದೆ. ಎಡಗೆನ್ನೆಯಲ್ಲಿ ಒಂದು ಗೀರು ಬಿಟ್ಟರೆ ಕ್ಷೇಮ. ಅಷ್ಟರಲ್ಲಿ ಮಹಡಿಯ ಮೆಟ್ಟಿಲಲ್ಲಿ ರಟ್ಟಿನ ಪೆಟ್ಟಿಗೆಯ ಸದ್ದು ಕೇಳಿಸಿತು. ತಕೇಶಿಯ ಇಲ್ಲಿನ ಕೆಲಸ ಬರುವ ವರ್ಷದವರೆಗೆ ಎಂದು ಅವನು ಯಾವಾಗಲೋ ಹೇಳಿದ್ದು ನನಗೆ ಆಗ ಯಾಕೆ ನೆನಪಾಯಿತೋ. ನನ್ನ ಕೈ ಚಕ್ರವರ್ತಿಯನ್ನು ಕನ್ನಡಕದ ಡಬ್ಬಿಯೊಳಗೆ ಇಳಿಸಿ ಮುಚ್ಚಳ ಹಾಕಿತು. ಕೈ ಎನ್ನುತ್ತೇನೆ, ನನ್ನನ್ನು ಕೇಳಿರಲಿಲ್ಲ.

ಚಕ್ರವರ್ತಿ ಸಿಕ್ಕರೇ ತಾತ-ಸಾನ್ ಎಂದು ಯೂಕೊ ಕೇಳಿದಳು. ಶೋಧ ನಡೆಯುತ್ತಿದೆ ಎಂದೆ, ಮಾರುಕಟ್ಟೆಯ ಕಚೇರಿಯ ದನಿಯಲ್ಲಿ. ಬೀರು ಬಹಳ ಭಾರ, ಸರಿಸಲು ಜನ ಬೇಕು, ಜನ ಸಿಗುವುದು ಈಗ ಕಷ್ಟ. ಗಂಡನಿಲ್ಲದೆ ಮಹಾರಾಣಿಯೊಬ್ಬಳನ್ನೇ ಪೆಟ್ಟಿಗೆಗೆ ಹಾಕುವುದು ಸಾಧ್ಯವೇ ಇಲ್ಲ ಎಂದು ಸಾವಿತ್ರಿ ಒಳಗಿನಿಂದ ಕೂಗಿ ಹೇಳಿದಳು. ಯೂಕೊ ಪೆಟ್ಟಿಗೆಯನ್ನು ತಿರುಗಿ ಎತ್ತಿಕೊಂಡಳು. ಅವಳು ಮೆಟ್ಟಿಲು ಹತ್ತುವಾಗ ಹೆಜ್ಜೆ ಹಗುರಾಗಿದ್ದಂತೆ ನನಗೆ ಕೇಳಿಸಿತು. ಈಗ ಯುಗಾದಿ ಹತ್ತಿರವಾಯಿತು. ಬೊಂಬೆಗಳು ಹಜಾರದಲ್ಲೇ ಇವೆ. ದಿನಾ ಸಂಜೆ ಅವಳು ಬಂದು ಕೇಳುತ್ತಾಳೆ, ನಾನು ಶೋಧದ ಪ್ರಗತಿ ವರದಿ ಮಾಡುತ್ತೇನೆ, ಹಾನಾ ಮೆಟ್ಟಿಲ ಮುಂದೆ ಕೂತು ಬೊಂಬೆಗಳ ಜೊತೆ ಅರ್ಧ ಕನ್ನಡ, ಅರ್ಧ ಅವಳಪ್ಪನ ಭಾಷೆಯಲ್ಲಿ ಮಾತಾಡುತ್ತಾಳೆ.

ಒಂದೇ ಅನನುಕೂಲ. ಡಬ್ಬಿಯಲ್ಲಿ ಜಾಗವಿಲ್ಲದ್ದರಿಂದ ನನ್ನ ಕನ್ನಡಕ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಮೊನ್ನೆ ನಾನೇ ಅದರ ಮೇಲೆ ಕೂತೆ. ಒಂದು ಗಾಜು ಹೋಯಿತು. ಉಳಿದ ಗಾಜಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಪತ್ರಿಕೆ ಓದುತ್ತಿದ್ದೆ. ಸಾವಿತ್ರಿ ಎದುರಿಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, ಯಾವುದೋ ಸೊಪ್ಪಿಗೆ ಹೇಳುವವಳಂತೆ ಹೇಳಿದಳು:

“ಡಬ್ಬಿ ಮುಚ್ಚಳ ಒಸಿ ತೆಗೆದಿಡಿ. ಉಸಿರಾಡಲಿ.”